ಹಡಗಿಗೆ ಹೋದ ಬಾವಿ ಪಂಪು

ಪಂಪಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಕಂಪ್ಯೂಟರಿನಲ್ಲಿ ಬರೆದ ನಕ್ಷೆ ತೋರಿಸುತ್ತಾರೆ. ಬಣ್ಣ ಬಣ್ಣದ್ದು, ಮಗುಚಿ ತಿರುಗಿಸಿ ನೋಡಬಹುದಾದದ್ದು. ಕನ್ನಡಕ ಹಾಕಿಕೊಂಡು ನೋಡಿ ಚೆನ್ನಾಗಿದೆ ಎನ್ನುತ್ತೇನೆ. ಆಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ: "ಇದನ್ನು ಕೂರಿಸುವವರ ಜೊತೆ ಮಾತಾಡಿದ್ದೀರಾ?" ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮುದುಕನ ಚಾಳಿ ಎಂದುಕೊಳ್ಳುತ್ತಾರೇನೋ. ಈ ಚಾಳಿ ನನಗೆ ಹೇಗೆ ಅಂಟಿತು ಎಂಬುದನ್ನು ಬರೆದಿಡುತ್ತೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಯಾರಿಗೂ ಬೇಡ. ನನ್ನ ಹೆಂಡತಿಗೇ ನೆನಪಿಲ್ಲ.

ನಮ್ಮದು ತಮಿಳು ಸೀಮೆಯ ನೆಗಮ ಎಂಬ ಊರಿನ ನೇಕಾರರ ಮನೆ. ಹೊಸಿಲ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಆಡುವುದು ಕನ್ನಡವಾದರೂ ಅದರ ಅಕ್ಷರ ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಐವತ್ತರ ದಶಕದಲ್ಲಿ ಪೀಳಮೇಡಿನ ಒಂದು ಪಂಪ್ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದೆ. ನಮ್ಮ ವಿಭಾಗದ ಮುಖ್ಯಸ್ಥರು ಪದ್ಮನಾಭಯ್ಯ, ಮೈಸೂರು ಕಡೆಯವರು. ನನ್ನ ಮಾತು ಕೇಳಿದ ಮೊದಲ ದಿನವೇ, "ಏನಯ್ಯಾ ನಂಜಪ್ಪ, ಇದು ಕನ್ನಡವೋ, ತಮಿಳಿಗೆ ಕನ್ನಡದ ಅಂಗಿ ತೊಡಿಸಿದ್ದೀಯೋ?" ಎಂದು ನಕ್ಕರು. ಮರುದಿನದಿಂದ ಊಟದ ಬಿಡುವಿನಲ್ಲಿ ನಕ್ಷೆ ಹಾಳೆಯ ಅಂಚಿನ ಮೇಲೆ ಅ ಆ ಇ ಈ ತಿದ್ದಿಸತೊಡಗಿದರು. ನಾನು ಇಂದು ಇದನ್ನು ಬರೆಯುತ್ತಿರುವುದು ಆ ಪುಣ್ಯಾತ್ಮರ ದಯೆಯಿಂದ.

ಕಾರ್ಖಾನೆಯ ಇನ್ನೊಂದು ತುದಿಯಲ್ಲಿದ್ದವರು ರಂಗಸಾಮಿ ಗೌಡರು, ಪಂಪ್ ಕೂರಿಸುವ ಮೇಸ್ತ್ರಿ. ಸೂಲೂರಿನ ಹತ್ತಿರ ಹೊಲ ಮನೆ ಇದ್ದ ಕನ್ನಡದ ಒಕ್ಕಲು. ದೊಡ್ಡ ದೇಹ, ಅದಕ್ಕಿಂತ ದೊಡ್ಡ ದನಿ. ಸುತ್ತಲಿನ ಯಾವ ತೋಟದಲ್ಲಿ ಯಾವ ಬಾವಿ ಎಷ್ಟು ಆಳ, ಬೇಸಿಗೆಯಲ್ಲಿ ನೀರು ಎಲ್ಲಿಗೆ ಇಳಿಯುತ್ತದೆ ಎಂಬುದು ಅವರ ಬಾಯಲ್ಲೇ ಇರುತ್ತಿತ್ತು. ಅವರ ಹೆಮ್ಮೆ ಒಂದೇ: "ನಾ ಕೂರ್ಸಿದ ಪಂಪು ಒಂದೂ ವಾಪಸ್ ಬಂದಿಲ್ಲ ನಂಜಪ್ಪಾ. ಮಗಳನ್ನ ಕೊಟ್ಟ ಮನೆಯಿಂದ ಮಗಳು ಅಳ್ತಾ ವಾಪಸ್ ಬರ್ಬಾರ್ದು, ಪಂಪೂ ಅಂಗೇ."

ಅವರು ಪಂಪ್ ಕೂರಿಸುವುದಕ್ಕೆ ಒಂದು ಕ್ರಮವಿತ್ತು. ಬಾವಿಗೆ ಇಳಿಬಿಡುವ ಕೊಳವೆಯ ತುದಿಗೆ ಫುಟ್‌ವಾಲ್ವ್ ಎಂಬುದನ್ನು ಹಾಕುತ್ತಾರೆ. ಒಳಗೆ ಒಂದು ಚರ್ಮದ ಮುಚ್ಚಳ. ನೀರು ಮೇಲೆ ಹೋಗುವಾಗ ತೆರೆಯುತ್ತದೆ, ಕೆಳಗೆ ಬರಲು ಹೊರಟರೆ ಮುಚ್ಚಿಕೊಳ್ಳುತ್ತದೆ. ಇದಿಲ್ಲದಿದ್ದರೆ ಪಂಪ್ ನಿಲ್ಲಿಸಿದ ಕೂಡಲೇ ಕೊಳವೆಯ ನೀರೆಲ್ಲ ಬಾವಿಗೆ ಇಳಿದುಹೋಗುತ್ತದೆ, ಮತ್ತೆ ಚಾಲೂ ಮಾಡಿದರೆ ಪಂಪು ಗಾಳಿ ಕುಡಿಯುತ್ತ ಕೂರುತ್ತದೆ. ಆ ಚರ್ಮವನ್ನು ಗೌಡರು ತಾವೇ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಕುಂಕುಮ ಇಟ್ಟು ಕೂರಿಸುತ್ತಿದ್ದರು. ಪಂಪು ಎತ್ತಿದ ಮೊದಲ ಬೊಗಸೆ ನೀರನ್ನು ಬಾವಿಯ ಯಜಮಾನ ಬಾಯಿಗೆ ಹಾಕಿಕೊಳ್ಳಬೇಕು. ಅಲ್ಲಿಯವರೆಗೆ ಗೌಡರು ಕೈ ಕೂಡ ತೊಳೆಯುತ್ತಿರಲಿಲ್ಲ.

ಇಂಥ ಕಾರ್ಖಾನೆಗೆ ಒಂದು ದಿನ ಬಿಳಿ ಸಮವಸ್ತ್ರದ ಅಧಿಕಾರಿಯೊಬ್ಬರು ಬಂದರು. ಹೆಸರು ಮೆನನ್, ನೌಕಾಪಡೆಯ ಎಂಜಿನಿಯರ್, ಒಟ್ಟಪಾಲಂ ಕಡೆಯವರು. ಸಮುದ್ರವೇ ಕಾಣದ ಊರಿಗೆ ಹಡಗಿನವರು ಬಂದರಲ್ಲ ಎಂದು ಎಲ್ಲರಿಗೂ ಸೋಜಿಗ. ತಮಿಳು ಚೆನ್ನಾಗಿ ಬಲ್ಲವರು. ಕುರ್ಚಿ ಕೊಟ್ಟರೂ ಕೂರದೆ, ಒಂದು ಸೀಮೆಸುಣ್ಣ ತೆಗೆದುಕೊಂಡು ಕಾರ್ಖಾನೆಯ ನೆಲದ ಮೇಲೇ ತಮ್ಮ ಹಡಗನ್ನು ಬರೆದರು.

ಅಲ್ಲಿಯವರೆಗೆ ನನಗೆ ತಿಳಿದಿದ್ದು, ಹಡಗು ನೆಲಕ್ಕೆ ತಗುಲಿದರೆ ಮುಗಿಯಿತು ಎಂದು. ಇದು ನೆಲ ಹತ್ತುವುದಕ್ಕೇ ಹುಟ್ಟಿದ ಹಡಗು. ತಳ ಹಲಗೆಯಂತೆ ಚಪ್ಪಟೆ. ಮೂತಿಯಲ್ಲಿ ಎರಡು ದೊಡ್ಡ ಬಾಗಿಲು. ಮರಳು ದಂಡೆಗೆ ನೇರವಾಗಿ ನುಗ್ಗಿ ಹೊಟ್ಟೆ ಊರಿ ನಿಲ್ಲುತ್ತದೆ. ಬಾಗಿಲು ತೆರೆದು, ಒಳಗಿನಿಂದ ಇಳಿಜಾರು ಹಲಗೆಯೊಂದು ಕೆಳಗಿಳಿದು, ಲಾರಿ, ತೋಪು, ಸೈನಿಕರು ಎಲ್ಲ ಅದರ ಮೇಲಿಂದ ದಡಕ್ಕೆ ಹೋಗುತ್ತಾರೆ. ದಡಕ್ಕೆ ಬರುವ ಮುಂಚೆಯೇ ಹಿಂಬದಿಯಲ್ಲಿ ಒಂದು ಲಂಗರನ್ನು ಸಮುದ್ರಕ್ಕೆ ಇಳಿಸಿರುತ್ತಾರೆ. ಹೊರಡುವಾಗ ಅದರ ಉಕ್ಕಿನ ಹಗ್ಗ ಸುತ್ತಿ ತನ್ನನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ.

"ಇದೆಲ್ಲ ನಡೆಯೋದು ನೀರಿನ ತೊಟ್ಟಿಗಳಿಂದ" ಎಂದರು ಮೆನನ್. ಹಡಗಿನ ಒಳಗೆ ತೊಟ್ಟಿಗಳಿವೆ. ದಡಕ್ಕೆ ಬರುವಾಗ ಮೂತಿಯ ತೊಟ್ಟಿಗಳನ್ನು ಖಾಲಿ ಮಾಡಿ ಮೂತಿಯನ್ನು ಹಗುರ ಮಾಡಬೇಕು. ದಡದ ಮೇಲೆ ನಿಂತ ಕೂಡಲೇ ಅವುಗಳಿಗೆ ಸಮುದ್ರದ ನೀರು ತುಂಬಿ ಭಾರ ಮಾಡಬೇಕು, ಇಲ್ಲದಿದ್ದರೆ ಅಲೆ ಹಡಗನ್ನು ಪಕ್ಕಕ್ಕೆ ತಿರುಗಿಸಿಬಿಡುತ್ತದೆ. ಹೊರಡುವಾಗ ಮತ್ತೆ ಖಾಲಿ ಮಾಡಬೇಕು. ತುಂಬಿಸುವುದೂ ಖಾಲಿ ಮಾಡುವುದೂ ಒಂದೇ ಪಂಪು, ಒಂದೇ ಕೊಳವೆ. ದಡ ಹತ್ತಿದಾಗಲೆಲ್ಲ ಮರಳು ನುಂಗಿ ನುಂಗಿ ಹಡಗಿನ ಇಂಥ ಪಂಪುಗಳೆಲ್ಲ ಸವೆದುಹೋಗಿದ್ದವು. ಯುದ್ಧಕಾಲದಲ್ಲಿ ಅವಸರದಿಂದ ಕಟ್ಟಿದ ವಿದೇಶೀ ಹಡಗು, ಅದರ ಪಂಪನ್ನು ಮಾಡುವವರು ಈಗ ಇಲ್ಲ.

"ಮೇಲಿನವರು ಒಡೆಯೋದಕ್ಕೆ ಕೊಡಿ ಅಂತಾರೆ. ಬಂದರೇ ಇಲ್ಲದ ದ್ವೀಪಗಳಿಗೆ ಅಕ್ಕಿ, ಔಷಧಿ ಒಯ್ದ ಹಡಗು ಇದು. ಜನ ಎದೆಮಟ್ಟ ನೀರಲ್ಲಿ ನಡೆದು ಬಂದು ಇದರ ಬಾಗಿಲು ಮುಟ್ಟಿ ನಮಸ್ಕಾರ ಮಾಡಿದ್ದನ್ನ ನಾನು ನೋಡಿದ್ದೀನಿ. ಒಂದೇ ಒಂದು ಅವಕಾಶ ಕೇಳಿ ತಂದಿದ್ದೀನಿ. ಪರೀಕ್ಷಕರ ಎದುರು ದಡ ಹತ್ತಿ, ಲಾರಿ ಇಳಿಸಿ, ಹಿಂದಕ್ಕೆ ಬರಬೇಕು. ಆಗದಿದ್ದರೆ ಪಂಪು ನಿಮ್ಮಲ್ಲಿಗೆ ವಾಪಸ್, ಹಡಗು ಒಡೆಯುವವರಿಗೆ."

ವಾಪಸ್ ಎಂಬ ಮಾತು ಕೇಳಿ ರಂಗಸಾಮಿ ಗೌಡರು ಬಾಯಲ್ಲಿದ್ದ ಎಲೆ ಅಡಕೆ ಉಗಿದು ಬಂದರು. "ವಾಪಸ್ ಗೀಪಸ್ ಮಾತೇ ಬೇಡಿಂಗ ಸಾರ್. ನಾನೇ ಬಂದು ಕೂರ್ಸ್ತೀನಿ" ಎಂದು ಅವಸರದಲ್ಲಿ ಕನ್ನಡದಲ್ಲೇ ಹೇಳಿಬಿಟ್ಟು, ಆಮೇಲೆ ನಾಲಗೆ ಕಚ್ಚಿಕೊಂಡು ತಮಿಳಿನಲ್ಲಿ ಹೇಳಿದರು. ಮೆನನ್ನರಿಗೆ ಮೊದಲ ಸಲವೇ ಅರ್ಥವಾಗಿತ್ತು.

ಪದ್ಮನಾಭಯ್ಯನವರು ನಕ್ಷೆ ಶುರುಮಾಡಿದರು. ಅದನ್ನು ಶುದ್ಧವಾಗಿ ಪ್ರತಿ ತೆಗೆಯುವ ಕೆಲಸ ನನ್ನದು. ಉಪ್ಪುನೀರಿಗೆ ಬೀಡುಕಬ್ಬಿಣ ತಾಳುವುದಿಲ್ಲ, ಆದ್ದರಿಂದ ಕಂಚು. ನಮ್ಮ ಎರಕದ ಮನೆಗೆ ಅದು ಹೊಸದು. ಮರದ ಅಚ್ಚು ಮಾಡುವ ಆಚಾರಿ ಎಷ್ಟೋ ವರ್ಷಗಳ ರೂಢಿಯಂತೆ ಬೀಡುಕಬ್ಬಿಣದ ಅಳತೆಗೋಲನ್ನೇ ಹಿಡಿದ. ಲೋಹ ಆರುವಾಗ ಕುಗ್ಗುತ್ತದೆ, ಅದಕ್ಕೆಂದು ಅಚ್ಚನ್ನು ತುಸು ದೊಡ್ಡದಾಗಿ ಮಾಡುತ್ತಾರೆ. ಕಂಚು ಇನ್ನೂ ಹೆಚ್ಚು ಕುಗ್ಗುತ್ತದೆ ಎಂಬುದು ಅವನ ಕೈಗೆ ತಿಳಿದಿರಲಿಲ್ಲ. ಮೊದಲು ಎರಕ ಹೊಯ್ದ, ನೀರು ತಳ್ಳುವ ಚಕ್ರ ಪಂಪಿನ ಗೂಡಿನೊಳಗೆ ಲೊಟಲೊಟ ಎಂದಿತು. ಆಚಾರಿ ತಲೆ ಮೇಲೆ ಕೈ ಹೊತ್ತು ಕೂತ. ಪದ್ಮನಾಭಯ್ಯನವರು ಬೈಯಲಿಲ್ಲ. ಆ ಚಕ್ರವನ್ನು ತಮ್ಮ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡು, "ತೂಕವಾಗಿದೆ ಆಚಾರ್ರೇ, ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ" ಎಂದರು. ಮೇಲಧಿಕಾರಿ ಎಂದರೆ ಹೀಗಿರಬೇಕು ಎಂದು ನಾನು ಆಗ ಅಂದುಕೊಂಡೆ. ನಾನು ಹಾಗೆ ಆದೆನೇ ಎಂದು ಕೇಳಬೇಡಿ.

ಮರಳಿನ ಪರೀಕ್ಷೆಗೆ ಗೌಡರು ನೊಯ್ಯಲ್ ಹೊಳೆಯಿಂದ ಒಂದು ಗಾಡಿ ಮರಳು ತರಿಸಿದರು. ಕಾರ್ಖಾನೆಯ ತೊಟ್ಟಿಗೆ ಅದನ್ನು ಸುರಿದು ಆ ಗಂಜಿಯಂಥ ನೀರನ್ನು ಹೊಸ ಪಂಪಿಗೆ ಕುಡಿಸಿದೆವು. ಮೊದಲ ಪಂಪಿನ ಸಂದುಗಳಿಗೆ ಮರಳು ಸಿಕ್ಕಿ ಹಲ್ಲು ಕಡಿಯುವ ಸದ್ದು ಬಂತು. ಪದ್ಮನಾಭಯ್ಯನವರು ಸಂದು ಹಿಗ್ಗಿಸಿದರು, ತಿರುಗುವ ದಂಡದ ಬುಡಕ್ಕೆ ಶುದ್ಧ ನೀರು ಹಾಯಿಸುವ ಸಣ್ಣ ಕೊಳವೆ ಸೇರಿಸಿದರು. ಎರಡನೆಯ ಸಲ ಪಂಪು ಸುಖವಾಗಿ ಓಡಿತು. ನಮ್ಮ ಪರೀಕ್ಷೆಯ ತೊಟ್ಟಿ ಇದ್ದದ್ದು ನೆಲದ ಕೆಳಗೆ, ಬಾವಿಯ ಹಾಗೆ. ಆದ್ದರಿಂದ ಅಲ್ಲಿ ಫುಟ್‌ವಾಲ್ವ್ ಹಾಕಿಯೇ ಓಡಿಸಿದ್ದೆವು. ಅದು ಯಾರ ತಲೆಯಲ್ಲೂ ಪ್ರಶ್ನೆಯಾಗಿ ಏಳಲಿಲ್ಲ.

ಹಡಗು ಪಶ್ಚಿಮ ತೀರದ ಬಂದರಿನಲ್ಲಿತ್ತು. ಗೌಡರು ಮೊದಲೇ ಹೋಗಿ ಪಂಪುಗಳನ್ನು ಕೂರಿಸಿದರು. ಕೊಳವೆಗಳು ಮೂತಿಯ ತೊಟ್ಟಿಗಳ ಒಳಗೆ ಕೊನೆಯಾಗುವ ಜಾಗವನ್ನು ನೋಡಿದರು. ನಕ್ಷೆಯಲ್ಲಿ ಬರಿಯ ಕೊಳವೆ ಬಾಯಿ. ಅವರು ಮರುಗಿದರು. ಅಯ್ಯನವರು ದೊಡ್ಡ ಕೆಲಸದ ಗಡಿಬಿಡಿಯಲ್ಲಿ ಫುಟ್‌ವಾಲ್ವ್ ಬರೆಯುವುದನ್ನು ಮರೆತಿದ್ದಾರೆ, ಹೇಳಿದರೆ ಎಲ್ಲರೆದುರು ಅವರಿಗೆ ಅವಮಾನ ಎಂದು ತಾವೇ ಎರಡು ಚರ್ಮ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಕುಂಕುಮ ಇಟ್ಟು, ಎರಡು ತೊಟ್ಟಿಗಳಲ್ಲೂ ಭದ್ರವಾಗಿ ಕೂರಿಸಿಬಿಟ್ಟರು. ಬಂದರಿನಲ್ಲಿ ತೊಟ್ಟಿಗಳನ್ನು ರಬ್ಬರ್ ಕೊಳವೆಯಿಂದ ಮೇಲಿನಿಂದ ತುಂಬಿಸಿ, ಪಂಪಿನಿಂದ ಖಾಲಿ ಮಾಡಿ ನೋಡಿದರು. ಎಲ್ಲ ಸರಿಯಾಗಿತ್ತು. ಪಂಪಿನಿಂದಲೇ ತುಂಬಿಸಿ ನೋಡುವುದು ಯಾರಿಗೂ ಹೊಳೆಯಲಿಲ್ಲ.

ಪರೀಕ್ಷೆಯ ದಿನ ಗೌಡರ ಜೊತೆ ಪದ್ಮನಾಭಯ್ಯನವರೂ ನಾನೂ ಹಡಗಿನಲ್ಲಿದ್ದೆವು. ಚಪ್ಪಟೆ ತಳದ ಹಡಗು ಸಮುದ್ರದಲ್ಲಿ ಹೊರಳಾಡುವ ಪರಿಯೇ ಬೇರೆ. ಮೈಸೂರಿನ ನಮ್ಮ ಹಿರಿಯರು ಬಂದರು ದಾಟುವ ಮೊದಲೇ ಒಂದು ಬಕೆಟ್ ತಬ್ಬಿಕೊಂಡು ಕೂತರು. "ನಂಜಪ್ಪಾ, ನಾನು ಸತ್ತರೆ ಪಂಪಿನ ಕಾರಣಕ್ಕಲ್ಲ ಅಂತ ಹೇಳು" ಎಂದರು.

ದಂಡೆ ಹತ್ತಿರವಾಯಿತು. ಹಿಂದಿನ ಲಂಗರು ಬಿತ್ತು. ಕಾಲ ಕೆಳಗೆ ಏನೋ ದೊಡ್ಡದು ಉಸಿರೆಳೆದು ಕೂತ ಹಾಗಾಗಿ ಹಡಗು ನಿಂತಿತು. ಮೂತಿಯ ಬಾಗಿಲು ತೆರೆದು ಬಿಸಿಲು ಒಳಗೆ ಬಂತು, ಇಳಿಜಾರು ಹಲಗೆ ಇಳಿಯಿತು. ದಡದಲ್ಲಿ ಪರೀಕ್ಷಕರು ನಿಂತಿದ್ದರು. ಮೊದಲ ಲಾರಿ ಮುಂದಕ್ಕೆ ಹೊರಟಿತು, ಅದರ ಅಕ್ಕಪಕ್ಕ ಸೈನಿಕರು ಸೊಂಟದವರೆಗಿನ ನೀರಿಗೆ ಇಳಿದರು. ನಮ್ಮ ಬಾವಿಗಳ ನಾಡಿನ ಪಂಪು ಇಂಥ ಜಾಗಕ್ಕೆ ಬಂದಿತಲ್ಲ ಎನಿಸಿತು.

ಹಲಗೆ ಇಳಿಯುತ್ತಿದ್ದ ಹಾಗೆಯೇ ಮೆನನ್ ಮೂತಿಯ ತೊಟ್ಟಿ ತುಂಬಿಸಲು ಹೇಳಿದ್ದರು. ಪಂಪು ಶುರುವಾಯಿತು. ಒತ್ತಡದ ಮುಳ್ಳು ಮೇಲಕ್ಕೇರಿತು. ತೊಟ್ಟಿಯ ಅಳತೆ ನೋಡುವವನು ಕೂಗಿದ: ಒಣಗಿದೆ, ಒಂದು ಹನಿಯೂ ಬರುತ್ತಿಲ್ಲ. ಮುಳ್ಳು ಇನ್ನೂ ಏರಿತು, ತೊಟ್ಟಿ ಹಾಗೆಯೇ ಇತ್ತು. ಅಷ್ಟರಲ್ಲಿ ಪಕ್ಕದಿಂದ ಒಂದು ದೊಡ್ಡ ಅಲೆ ಬಂದು ಹಡಗಿನ ಹಿಂಭಾಗವನ್ನು ತಳ್ಳಿತು. ಲಂಗರಿನ ಹಗ್ಗ ನರಳಿತು. ಇಳಿಜಾರಿನ ಹಲಗೆ ಒಂದು ಮೊಳ ಪಕ್ಕಕ್ಕೆ ಸರಿಯಿತು, ಅದರ ಮೇಲಿದ್ದ ಲಾರಿಯ ಚಾಲಕ ಬ್ರೇಕ್ ಒತ್ತಿ ಹಿಡಿದು ನಮ್ಮ ಕಡೆ ತಿರುಗಿ ನೋಡಿದ. ಅವನ ಮುಖ ಈಗಲೂ ನನ್ನ ಕಣ್ಣ ಮುಂದಿದೆ. ಕೆಳಗೆ ನೀರಿನಲ್ಲಿ ಜನರಿದ್ದರು. ಹಡಗು ಅಡ್ಡ ತಿರುಗಿದರೆ ಅವರೆಲ್ಲ ಅದರ ಅಡಿಗೆ.

"ಮರಳು ಕಟ್ಟಿಕೊಂಡಿದೆ, ಪಂಪು ನಿಲ್ಲಿಸಿ!" ಎಂದು ಮೆನನ್ ಕೂಗಿದರು. ಹಡಗಿನ ಯಂತ್ರವನ್ನು ಮುಂದಕ್ಕೆ ಮೆಲ್ಲಗೆ ಓಡಿಸುತ್ತ ಮೂತಿಯನ್ನು ದಡಕ್ಕೆ ಒತ್ತಿ ಹಿಡಿಯಲು ಹೇಳಿದರು. ಅದು ಬಹಳ ಹೊತ್ತು ನಡೆಯುವ ಉಪಾಯವಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು.

ಗೌಡರು ಪಂಪಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಇದ್ದಕ್ಕಿದ್ದ ಹಾಗೆ ಅವರ ಕೈ ಜಾರಿತು. "ಅಯ್ಯೋ ನಂಜಪ್ಪಾ" ಎಂದರು, ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. "ತಣ್ಣಿ ಆ ಬಾಯಿಂದಲೇ ಒಳಗೆ ಬರ್ಬೇಕು ಅಲ್ವಾ? ನಾನು ಅಲ್ಲಿ ಬಾಗ್ಲು ಹಾಕ್‌ಬುಟ್ಟಿದೀನಿ. ಎಷ್ಟು ತಳ್ಳಿದ್ರೆ ಅಷ್ಟು ಮುಚ್ಕೊಂತದೆ."

ಯಾರಿಗೂ ವಿವರಿಸುತ್ತ ನಿಲ್ಲಲಿಲ್ಲ. ವೇಷ್ಟಿ ಬಿಚ್ಚಿ ಎಸೆದರು, ಚಡ್ಡಿಯಲ್ಲೇ ತೊಟ್ಟಿಯ ಮುಚ್ಚಳದ ಕಿಂಡಿಗೆ ಇಳಿದರು. ಕಿಂಡಿ ಚಿಕ್ಕದು, ಗೌಡರು ದೊಡ್ಡವರು. ಹೊಟ್ಟೆ ಸಿಕ್ಕಿಕೊಂಡಿತು. ನಾನೂ ಒಬ್ಬ ನಾವಿಕನೂ ಹೆಗಲ ಮೇಲೆ ಒತ್ತಿದೆವು. "ಅಮುಕಪ್ಪಾ, ಅಮುಕು, ನಾನೇನು ಗಾಜಲ್ಲ" ಎಂದು ಬೈದರು. ದೀಪ ಹಿಡಿದು ನಾನು ಹಿಂದೆಯೇ ಇಳಿದೆ. ವಾಲ್ವಿನ ನಟ್ಟುಗಳು ಅಲುಗಲಿಲ್ಲ. "ಬಿಗಿದಿದ್ದು ನಾನೇ ಅಲ್ವಾ, ಎಲ್ಲಿ ಬಿಡ್ತದೆ" ಎಂದು ಗೊಣಗಿ, ವಾಲ್ವಿನ ಬಾಯಿಗಿದ್ದ ಜರಡಿಯನ್ನು ಸುತ್ತಿಗೆಯಿಂದ ಬಡಿದು ಕಳಚಿ, ಸೊಂಟದ ಎಲೆ ಅಡಕೆ ಚೀಲದಿಂದ ಪುಟ್ಟ ಚಾಕು ತೆಗೆದು ಒಳಗೆ ಕೈ ಹಾಕಿ, ತಾವೇ ಕುಂಕುಮ ಇಟ್ಟ ಚರ್ಮವನ್ನು ಸೀಳಿ ಎಳೆದರು. ಹಿಂದೆ ತಡೆದು ನಿಂತಿದ್ದ ನೀರು ಅವರ ಮುಖಕ್ಕೇ ಹಾರಿತು. ಇನ್ನೊಂದು ತೊಟ್ಟಿಯಲ್ಲೂ ಅದೇ ಕೆಲಸ. ನಾವು ಮೇಲೆ ಬಂದ ಕೂಡಲೇ ಪಂಪು ಶುರುವಾಯಿತು, ತೊಟ್ಟಿಯೊಳಗೆ ನೀರು ಧುಮುಕುವ ಸದ್ದು ಕೇಳಿತು. ಮೂತಿ ಭಾರವಾಗಿ ಮರಳಿಗೆ ಕಚ್ಚಿಕೊಂಡಿತು. ಲಾರಿಯ ಚಾಲಕ ಬ್ರೇಕ್ ಬಿಟ್ಟು ದಡಕ್ಕೆ ಹೋದ.

ಪರೀಕ್ಷಕರಲ್ಲಿ ಹಿರಿಯ ಅಧಿಕಾರಿಯೊಬ್ಬರು, ಉತ್ತರದ ಕಡೆಯವರು, ಹಡಗು ಹತ್ತಿ ಬಂದು ತಡವೇಕೆ ಎಂದು ಕೇಳಿದರು. ಬಕೆಟ್ ಬಿಟ್ಟು ಎದ್ದ ಪದ್ಮನಾಭಯ್ಯನವರು, ಫುಟ್‌ವಾಲ್ವ್ ಹಾಕಬಾರದು ಎಂದು ನಕ್ಷೆಯಲ್ಲಿ ಬರೆಯಬೇಕಿತ್ತು, ಬರೆಯದಿದ್ದದ್ದು ತಮ್ಮ ತಪ್ಪು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಇಂಗ್ಲಿಷ್ ಬಾರದಿದ್ದರೂ ಗೌಡರಿಗೆ ವಾಸನೆ ಹೊಡೆಯಿತು. "ಅಯ್ಯಾ, ನನ್ನ ತಪ್ಪನ್ನ ನೀವ್ಯಾಕೆ ಹೊತ್ಕೊಂತೀರ? ನಕ್ಷೆ ಸರಿಯಾಗೇ ಇತ್ತು!" ಎಂದು ಏರುದನಿಯಲ್ಲಿ ಕನ್ನಡದಲ್ಲೂ, ಅಧಿಕಾರಿಯ ಕಡೆ ತಿರುಗಿ ತಮಿಳಿನಲ್ಲೂ ಹೇಳಿದರು. "ನೀವು ಸುಮ್ಮನಿರಿ ಗೌಡ್ರೇ" ಎಂದು ಇವರು. "ಇರಾಕಿಲ್ಲ" ಎಂದು ಅವರು. ಒಬ್ಬರು ಹಳದಿ ಮುಖದವರು, ಒಬ್ಬರು ನೀರಿಳಿಯುವ ಚಡ್ಡಿಯವರು. ಏನು ಜಗಳ ಇದು ಎಂದು ಅಧಿಕಾರಿ ಮೆನನ್ನರನ್ನು ಕೇಳಿದರು. ಮೆನನ್ ಒಂದನ್ನೂ ಮುಚ್ಚಿಡದೆ ನಡೆದದ್ದನ್ನೆಲ್ಲ ಹೇಳಿ, "ತಪ್ಪು ನನಗೆ ಬೇಕು, ನನಗೆ ಬೇಕು ಅಂತ ಕಿತ್ತಾಡುತ್ತಿದ್ದಾರೆ ಸರ್" ಎಂದರು. ಅಧಿಕಾರಿ ಮೀಸೆಯೊಳಗೇ ನಕ್ಕು, "ಇನ್ನು ಹಿಂದಕ್ಕೆ ಹೋಗಿ ತೋರಿಸಿ" ಎಂದಷ್ಟೇ ಹೇಳಿದರು.

ಗೌಡರಿಗೆ ನಿಜವಾದ ಅಂಜಿಕೆ ಹತ್ತಿದ್ದು ಆಗ. ತುಂಬಿದ ತೊಟ್ಟಿಗಳನ್ನು ಈಗ ಖಾಲಿ ಮಾಡಬೇಕು, ಫುಟ್‌ವಾಲ್ವ್ ಇಲ್ಲದೆ. ಅವರ ಜೀವಮಾನದಲ್ಲಿ ಹಾಗೆ ನೀರೆತ್ತಿದ ಪಂಪು ಇರಲಿಲ್ಲ. ಪದ್ಮನಾಭಯ್ಯನವರು ಅವರ ತೋಳು ಹಿಡಿದು, "ಬಾವಿಯಲ್ಲಿ ಪಂಪು ಮೇಲೆ, ನೀರು ಕೆಳಗೆ. ಇಲ್ಲಿ ತೊಟ್ಟಿ ಮೇಲೆ, ಪಂಪು ಕೆಳಗೆ. ನೀರು ತಾನಾಗಿ ಬಂದು ಪಂಪಿನ ಬಾಯಿಗೆ ಬೀಳತ್ತೆ" ಎಂದರು. ಗೌಡರು ತಲೆ ಆಡಿಸಿದರು, ಆದರೆ ನಂಬಲಿಲ್ಲ. ಕೊಳವೆಯ ಮೇಲೆ ಅಂಗೈ ಒತ್ತಿ ಕಣ್ಣು ಮುಚ್ಚಿದರು. ಪಂಪು ಶುರುವಾಯಿತು. ಅವರ ತುಟಿ ಅಲುಗುತ್ತಿತ್ತು. ಆಮೇಲೆ ಕೊಳವೆ ತಣ್ಣಗಾಯಿತೋ ಏನೋ, ಕಣ್ಣು ಬಿಟ್ಟು, "ಬರ್ತದೆ, ನಂಜಪ್ಪಾ! ಎಳೀತದೆ!" ಎಂದು ಮಗುವಿನ ಹಾಗೆ ಕೂಗಿದರು. ಮೂತಿ ಹಗುರಾಯಿತು, ಲಂಗರಿನ ಹಗ್ಗ ಸುತ್ತಿಕೊಂಡಿತು, ಹಡಗು ಮರಳಿನಿಂದ ಮೆಲ್ಲಗೆ ಜಾರಿ ನೀರಿಗೆ ಇಳಿಯಿತು. ಮೆನನ್ ಗೋಡೆಗೆ ಒರಗಿ ಟೋಪಿ ತೆಗೆದು ಮುಖ ಒರೆಸಿಕೊಂಡರು. ಅದು ಬೆವರೇ ಎಂದು ನಾನು ಕೇಳಲಿಲ್ಲ.

ಕ್ರಮ ಬಿಡುವವರಲ್ಲ ಗೌಡರು. ಪಂಪಿನ ಸಣ್ಣ ನಲ್ಲಿಯಿಂದ ಬೊಗಸೆಗೆ ನೀರು ಹಿಡಿದು ಮೆನನ್ನರ ಮುಂದೆ ಚಾಚಿದರು. ಯಜಮಾನರು ಮೊದಲು ಬಾಯಿಗೆ ಹಾಕಿಕೊಳ್ಳಬೇಕು ಎಂದು ನಾನು ವಿವರಿಸಿದೆ. ಮೆನನ್ ಬೆರಳದ್ದಿ ನಾಲಗೆಗೆ ಮುಟ್ಟಿಸಿ ಉಪ್ಪಿಗೆ ಮುಖ ಹಿಂಡಿದರು. ಎಲ್ಲರೂ ನಕ್ಕೆವು. ಆಮೇಲೆಯೇ ಗೌಡರು ಕೈ ತೊಳೆದುಕೊಂಡದ್ದು.

ಊರಿಗೆ ಬಂದ ಮೇಲೆ ಪದ್ಮನಾಭಯ್ಯನವರು ಕಾರ್ಖಾನೆಯಲ್ಲಿ ಒಂದು ಪದ್ಧತಿ ತಂದರು. ಯಾವ ನಕ್ಷೆಯೇ ಆಗಲಿ, ಮುಗಿಯುವ ಮುಂಚೆ ಗೌಡರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಏನಿದೆ ಎಂಬುದರ ಜೊತೆಗೆ ಏನಿಲ್ಲ, ಯಾಕಿಲ್ಲ ಎಂಬುದನ್ನೂ ಹೇಳುತ್ತಿದ್ದರು. ಗೌಡರೂ ಸುಮ್ಮನೆ ಮರುಗುವುದನ್ನು ಬಿಟ್ಟು ಬಾಯಿಬಿಟ್ಟು ಕೇಳಲು ಕಲಿತರು. ನಾನು ಮನೆಗೆ ಬಂದ ಮಕ್ಕಳನ್ನು ಕೇಳುವ ಪ್ರಶ್ನೆ ಹುಟ್ಟಿದ್ದು ಅಲ್ಲಿ.

ಹಡಗು ಅದಾದ ಮೇಲೆ ವರ್ಷಗಟ್ಟಲೆ ದುಡಿಯಿತು. ಗೌಡರು ನಿವೃತ್ತರಾಗಿ ಸೂಲೂರಿನ ತೋಟ ಸೇರಿದರು. ಒಂದು ಭಾನುವಾರ ನಾನು ಅವರನ್ನು ನೋಡಲು ಹೋಗಿದ್ದಾಗ ಗೇಟಿನ ಮುಂದೆ ಒಂದು ಎತ್ತಿನ ಗಾಡಿ ನಿಂತಿತು. ಅದರ ಪಕ್ಕ ತಲೆ ನೆರೆತ ಮೆನನ್. ಅವರಿಗೂ ನಿವೃತ್ತಿಯಾಗಿತ್ತು. ಗಾಡಿಯಲ್ಲಿ ಗೋಣಿ ಹೊದಿಸಿದ ಒಂದು ಕಂಚಿನ ಪಂಪು, ಹಡಗಿನ ಮೂತಿಯ ಪಂಪುಗಳಲ್ಲೊಂದು.

ಗೌಡರು ಅದನ್ನು ನೋಡಿದ ಕೂಡಲೇ ಗುರುತು ಹಿಡಿದರು. ಮುಖದ ಬಣ್ಣ ಇಳಿದುಹೋಯಿತು. "ವಾಪಸ್ ಬಂತಾ ಸಾರ್?" ಎಂದರು.

"ವಾಪಸ್ ಅಲ್ಲ ಗೌಡ್ರೇ" ಎಂದರು ಮೆನನ್. "ಹಡಗಿಗೆ ವಯಸ್ಸಾಯ್ತು, ಒಡೆಯೋದಕ್ಕೆ ಹೋಯ್ತು. ಇದು ಕೊನೇ ದಿನದವರೆಗೂ ಓಡ್ತಿತ್ತು. ಬೆಂಕಿಗೆ ಹಾಕೋದಕ್ಕೆ ಮನಸ್ಸಾಗದೆ ಕೇಳಿ ಪಡ್ಕೊಂಡು ಬಂದೆ. ಕೆಲಸ ಮುಗಿಸಿ ತವರಿಗೆ ಬಂದಿದೆ ಅಂದ್ಕೊಳ್ಳಿ."

ಗೌಡರು ಗೋಣಿ ಸರಿಸಿ, ಮರಳು ಉಜ್ಜಿ ನುಣುಪಾದ ಅದರ ಬಾಯಿಯನ್ನು ಬೆರಳಿನಿಂದ ಸವರಿದರು. ಆಮೇಲೆ ಅವರು ನನ್ನ ಕಡೆ ತಿರುಗಿ, "ನಂಜಪ್ಪಾ, ನಮ್ ಕೆಣರಿಗೆ ಇದನ್ನ ಕೂರ್ಸಿದ್ರೆ ಫುಟ್‌ವಾಲ್ವ್ ಹಾಕ್ಬೌದಲ್ಲಪ್ಪಾ? ಅಯ್ಯನವ್ರು ಒಪ್ತಾರಲ್ಲಾ?" ಎಂದು ಕೇಳಿದರು. ಪದ್ಮನಾಭಯ್ಯನವರು ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು, ಅದು ಗೌಡರಿಗೂ ಗೊತ್ತಿತ್ತು. "ಬಾವಿಗೆ ಹಾಕಲೇಬೇಕು ಗೌಡ್ರೇ, ಒಪ್ತಾರೆ" ಎಂದೆ.

ಮೆನನ್ ನಾಲ್ಕು ದಿನ ಅಲ್ಲೇ ಉಳಿದರು. ಗೌಡರು ಚರ್ಮ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಕುಂಕುಮ ಇಟ್ಟು ಕೂರಿಸಿದರು. ಪಂಪು ಶುರುವಾಗಿ ತೆಂಗಿನ ಬುಡದ ಕಾಲುವೆಗೆ ನೀರು ಬಿತ್ತು. ಗೌಡರು ಮೊದಲ ಬೊಗಸೆ ಹಿಡಿದು ಮೆನನ್ನರ ಮುಂದೆ ಚಾಚಿದರು. ಬಾವಿ ನಿಮ್ಮದು, ಯಜಮಾನರು ನೀವು ಎಂದು ಮೆನನ್ ಹಿಂದೆ ಸರಿದರು. ಗೌಡರು ಕೈ ಇಳಿಸಲಿಲ್ಲ. ಮೆನನ್ ಬಗ್ಗಿ ಆ ಬೊಗಸೆಯಿಂದಲೇ ಕುಡಿದು, ತಲೆ ಎತ್ತಿದಾಗ ಅವರ ಕಣ್ಣು ತುಂಬಿತ್ತು.

"ಎಂಗಿದೆ ಸಾರ್?" ಎಂದರು ಗೌಡರು.

"ಸಿಹಿ" ಎಂದರು ಮೆನನ್.

ಗೌಡರು ಓಡುತ್ತಿದ್ದ ಪಂಪಿನ ಬೆನ್ನ ಮೇಲೆ ಒದ್ದೆ ಕೈ ಇಟ್ಟು ತಟ್ಟಿದರು. "ಪಾಪ, ಇಷ್ಟು ವರ್ಷ ಉಪ್ಪುನೀರೇ ಕುಡೀತು" ಎಂದರು. "ಇನ್ಮೇಲೆ ಮನೇಲಿರ್ಲಿ."